ಓದುಗರ ಪ್ರಶ್ನೆಗಳಿಗೆ ಉತ್ತರ: ನಮ್ಮ ಕ್ಲಬ್ಬಿನ ಬಗ್ಗೆ ಅವರಾಡುವ ಮಾತು

ಫುಟ್‌ಬಾಲ್ ಅಭಿಮಾನಿಗಳಿಗೂ ಟಿವಿಯ ವಿಶ್ಲೇಷಕರಿಗೂ ಪತ್ರಿಕೆಗಳಿಗೂ ನಡುವೆ ನಡೆಯುತ್ತಲೇ ಇರುವ ಜಗಳವನ್ನು ಕುರಿತು ಬಂದ ಪತ್ರಗಳಿಂದ ಆರಿಸಿದ ಪ್ರಶ್ನೆಗಳು ಇಲ್ಲಿವೆ. ಪತ್ರ ಬರೆದವರ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಲಿವರ್‌ಪೂಲ್ ತಂಡದ ಅಭಿಮಾನಿ. ಗ್ಯಾರಿ ನೆವಿಲ್ ವೀಕ್ಷಕ ವಿವರಣೆಗೆ ಕುಳಿತ ದಿನ ನಮ್ಮ ತಂಡ ಎಷ್ಟು ಚೆನ್ನಾಗಿ ಆಡಿದರೂ ಅವರ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಯಾದ ನನ್ನ ತಮ್ಮ ಇದೇ ದೂರನ್ನು ಜೇಮೀ ಕ್ಯಾರಗರ್ ಮೇಲೆ ಹೇಳುತ್ತಾನೆ. ನಮ್ಮಿಬ್ಬರಲ್ಲಿ ಯಾರು ಸರಿ? — ಮಂಗಳೂರು

ಉತ್ತರ: ಇಬ್ಬರ ಅನುಮಾನಕ್ಕೂ ಆಧಾರವಿದೆ, ಆದರೆ ಇಬ್ಬರ ತೀರ್ಮಾನವೂ ಪೂರ್ತಿಯಾಗಿ ನಿಲ್ಲುವುದಿಲ್ಲ. ನೆವಿಲ್ ಯುನೈಟೆಡ್ ಬಿಟ್ಟು ಬೇರೆ ಕ್ಲಬ್ಬಿಗೆ ಆಡಿದವರೇ ಅಲ್ಲ. ಅಲ್ಲಿ ಅವರು ಆಡಿದ್ದು 602 ಪಂದ್ಯಗಳನ್ನು. 2006ರ ಜನವರಿಯಲ್ಲಿ ಯುನೈಟೆಡ್ ಕ್ರೀಡಾಂಗಣವಾದ ಓಲ್ಡ್ ಟ್ರಾಫರ್ಡ್‌ನಲ್ಲಿ ಲಿವರ್‌ಪೂಲ್ ಎದುರು ರಿಯೊ ಫರ್ಡಿನಾಂಡ್ ಕೊನೆಯ ಗಳಿಗೆಯಲ್ಲಿ ಗೆಲುವಿನ ಗೋಲು ಹೊಡೆದಾಗ, ನೆವಿಲ್ ಲಿವರ್‌ಪೂಲ್ ಅಭಿಮಾನಿಗಳು ಕುಳಿತಿದ್ದ ಕಡೆಗೇ ಓಡಿಹೋಗಿ ಸಂಭ್ರಮಿಸಿದರು; ಅದಕ್ಕಾಗಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಅವರಿಗೆ 5,000 ಪೌಂಡ್ ದಂಡ ಹಾಕಿತು. ಕ್ಯಾರಗರ್ ಲಿವರ್‌ಪೂಲ್‌ಗಾಗಿ 737 ಪಂದ್ಯ ಆಡಿದವರು, ಅವರಿಗೂ ಬೇರೆ ಕ್ಲಬ್ ಇರಲಿಲ್ಲ. ಸ್ಕೈ ಸ್ಪೋರ್ಟ್ಸ್ 2011ರಲ್ಲಿ ನೆವಿಲ್ ಅವರನ್ನೂ 2013ರಲ್ಲಿ ಕ್ಯಾರಗರ್ ಅವರನ್ನೂ ಕರೆದು ಕೂರಿಸಿದಾಗ ಅವರಿಂದ ತಟಸ್ಥ ಮಾತನ್ನು ಬಯಸಿರಲಿಲ್ಲ. ಆಟದ ಒಳಗುಟ್ಟು ಬಲ್ಲ ಇಬ್ಬರು ಹಳೆಯ ಎದುರಾಳಿಗಳು ಒಂದೇ ಮೇಜಿನ ಮುಂದೆ ವಾದಕ್ಕಿಳಿಯುವುದೇ ಆ ಕಾರ್ಯಕ್ರಮದ ಬಲ. ಅವರ ಒಲವು ಮುಚ್ಚಿಟ್ಟದ್ದಲ್ಲವಾದ್ದರಿಂದ, ಕೇಳುವವರು ಅಷ್ಟನ್ನು ಕಳೆದು ಉಳಿದುದನ್ನು ತೂಗಿನೋಡಬಹುದು.

ಇನ್ನು ನಮ್ಮ ಕಿವಿಯ ವಿಷಯ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದು ಬಹಳ ಒರಟಾಗಿ ನಡೆಯಿತು. ಅಲ್ಬರ್ಟ್ ಹ್ಯಾಸ್ಟಾರ್ಫ್ ಮತ್ತು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಆ ಪಂದ್ಯದ ಒಂದೇ ಚಿತ್ರಸುರುಳಿಯನ್ನು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ತೋರಿಸಿ, ಕಂಡ ತಪ್ಪುಗಳನ್ನು ಗುರುತುಹಾಕಲು ಹೇಳಿದರು. ಡಾರ್ಟ್‌ಮತ್ ಆಟಗಾರರು ಮಾಡಿದ ತಪ್ಪುಗಳು ಅದೇ ಕಾಲೇಜಿನ ವಿದ್ಯಾರ್ಥಿಗಳಿಗೆ ಎಷ್ಟು ಕಂಡವೋ, ಅದರ ಎರಡು ಪಟ್ಟಿಗೂ ಹೆಚ್ಚು ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡವು. 1985ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಬೈರೂತ್ ಹತ್ಯಾಕಾಂಡದ ಒಂದೇ ಸುದ್ದಿ ತುಣುಕುಗಳನ್ನು ನೋಡಿದ ಇಸ್ರೇಲ್ ಪರರೂ ಅರಬ್ ಪರರೂ ಅದು ತಮ್ಮ ವಿರುದ್ಧವೇ ಇದೆ ಎಂದರು. ನೀವೂ ನಿಮ್ಮ ತಮ್ಮನೂ ಅಂಥದೇ ಜೋಡಿ. ಮುಂದಿನ ಪಂದ್ಯದ ದಿನ ಒಂದು ಹಾಳೆಯಲ್ಲಿ ನೆವಿಲ್ ನಿಮ್ಮ ತಂಡವನ್ನು ಹೊಗಳಿದ್ದನ್ನೂ ತೆಗಳಿದ್ದನ್ನೂ ಆಯಾ ಹೊತ್ತಿಗೇ ಬರೆದಿಡಿ, ನಿಮ್ಮ ತಮ್ಮನೂ ಬರೆಯಲಿ, ಆಮೇಲೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ಹಾಗೆಂದು ಪ್ರಸಾರದಲ್ಲಿ ಪಕ್ಷಪಾತವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಇರುವುದು ಯಾರ ಬಗ್ಗೆ ಎಷ್ಟು ಹೊತ್ತು ಮಾತಾಡುತ್ತಾರೆ ಎಂಬಲ್ಲಿ. ಲಿವರ್‌ಪೂಲ್ ಸೋತರೂ ಗೆದ್ದರೂ ಚರ್ಚೆ ನಡೆಯುತ್ತದೆ. ಬರ್ನ್‌ಲಿಯೋ ಬ್ರೆಂಟ್‌ಫರ್ಡೋ ಅಷ್ಟೇ ಚೆನ್ನಾಗಿ ಆಡಿದಾಗ ಸಿಗುವುದು ಕೆಲವೇ ನಿಮಿಷ. ದೂರು ಹೇಳುವ ಹಕ್ಕು ಹೆಚ್ಚಾಗಿರುವುದು ಆ ಕ್ಲಬ್ಬುಗಳ ಅಭಿಮಾನಿಗಳಿಗೆ.

ಪ್ರಶ್ನೆ: ಲಿವರ್‌ಪೂಲ್ ನಗರದಲ್ಲಿ ‘ದಿ ಸನ್’ ಪತ್ರಿಕೆಯನ್ನು ಇಂದಿಗೂ ಬಹಳ ಜನ ಕೊಳ್ಳುವುದಿಲ್ಲ, ಎಷ್ಟೋ ಅಂಗಡಿಗಳು ಇಡುವುದೂ ಇಲ್ಲ ಎಂದು ಓದಿದೆ. ಮೂವತ್ತು ವರ್ಷ ದಾಟಿದ ಮೇಲೂ, ಪತ್ರಿಕೆ ಕ್ಷಮೆ ಕೇಳಿದ ಮೇಲೂ ಇದು ಹಟವಾಗುವುದಿಲ್ಲವೆ? — ಧಾರವಾಡ

ಉತ್ತರ: ಆಗುವುದಿಲ್ಲ. ಏಕೆಂದು ಹೇಳಲು ನಡೆದದ್ದನ್ನು ಕ್ರಮವಾಗಿ ಇಡಬೇಕು.

1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವೆ ಎಫ್‌ಎ ಕಪ್ ಸೆಮಿಫೈನಲ್ ಇತ್ತು. ಹೊರಗೆ ನೂಕುನುಗ್ಗಲು ಹೆಚ್ಚಿದಾಗ ಪೊಲೀಸರೇ ಒಂದು ದೊಡ್ಡ ಗೇಟನ್ನು ತೆರೆಸಿದರು. ಒಳಬಂದ ಜನ ಎದುರಿಗಿದ್ದ ಸುರಂಗದ ಮೂಲಕ ಆಗಲೇ ತುಂಬಿ ತುಳುಕುತ್ತಿದ್ದ ನಡುವಿನ ಎರಡು ಆವರಣಗಳಿಗೆ ಹೋದರು. ಮುಂದೆ ಕಬ್ಬಿಣದ ಬೇಲಿ, ಹಿಂದಿನಿಂದ ಜನರ ಒತ್ತಡ. ಅಂದು ಗಾಯಗೊಂಡು 2021ರಲ್ಲಿ ತೀರಿಕೊಂಡವರನ್ನೂ ಸೇರಿಸಿದರೆ ಸತ್ತವರು 97 ಮಂದಿ. ಪೊಲೀಸ್ ವ್ಯವಸ್ಥೆಯ ಹೊಣೆ ಹೊತ್ತಿದ್ದ ಅಧಿಕಾರಿ ಅದೇ ಮಧ್ಯಾಹ್ನ, ಅಭಿಮಾನಿಗಳೇ ಗೇಟು ಒಡೆದು ನುಗ್ಗಿದರು ಎಂದು ಸುಳ್ಳು ಹೇಳಿದರು.

ನಾಲ್ಕು ದಿನಗಳ ನಂತರ, ಏಪ್ರಿಲ್ 19ರಂದು, ಕೆಲ್ವಿನ್ ಮೆಕೆಂಜಿ ಸಂಪಾದಕರಾಗಿದ್ದ ‘ದಿ ಸನ್’ ಮುಖಪುಟದಲ್ಲಿ ‘ದಿ ಟ್ರೂತ್’ ಎಂಬ ದಪ್ಪಕ್ಷರದ ತಲೆಬರಹ ಕೊಟ್ಟಿತು. ಅದರ ಕೆಳಗೆ, ಅಭಿಮಾನಿಗಳು ಸತ್ತವರ ಜೇಬು ಕತ್ತರಿಸಿದರು, ಪೊಲೀಸರ ಮೇಲೆ ಮೂತ್ರ ಮಾಡಿದರು, ಉಸಿರು ಕೊಟ್ಟು ಜೀವ ಉಳಿಸಲು ಹೆಣಗುತ್ತಿದ್ದ ಪೊಲೀಸನನ್ನು ಹೊಡೆದರು ಎಂಬ ಆರೋಪಗಳು. ಪೊಲೀಸರ ಕಡೆಯಿಂದ ಶೆಫೀಲ್ಡಿನ ಒಂದು ಸುದ್ದಿಸಂಸ್ಥೆಯ ಮೂಲಕ ಬಂದ ಮಾತುಗಳವು. ಬೇರೆ ಕೆಲವು ಪತ್ರಿಕೆಗಳೂ ಇವನ್ನು ಅಚ್ಚುಹಾಕಿದವು, ಆದರೆ ಆರೋಪವನ್ನು ಸತ್ಯವೆಂದು ಸಾರಿದ್ದು ಈ ಪತ್ರಿಕೆ. ಮಕ್ಕಳ ಶವಸಂಸ್ಕಾರದ ಸಿದ್ಧತೆಯಲ್ಲಿದ್ದ ತಂದೆ ತಾಯಿಯರ ಮನೆಬಾಗಿಲಿಗೆ ಆ ಪುಟ ಬಂದು ಬಿತ್ತು. ಅಂದಿನಿಂದಲೇ ಊರಿನ ಅಂಗಡಿಗಳಲ್ಲಿ ಅದರ ಮಾರಾಟ ಕುಸಿಯಿತು, ಕೆಲವರು ಬೀದಿಯಲ್ಲಿ ಪ್ರತಿಗಳನ್ನು ಸುಟ್ಟರು.

ಪೊಲೀಸರು ಜನರನ್ನು ನಿಯಂತ್ರಿಸಲಾರದೆ ಹೋದದ್ದೇ ದುರಂತಕ್ಕೆ ಮುಖ್ಯ ಕಾರಣವೆಂದು ನ್ಯಾಯಮೂರ್ತಿ ಟೇಲರ್ ಅವರ ಮಧ್ಯಂತರ ವರದಿ ಅದೇ ವರ್ಷದ ಆಗಸ್ಟಿನಲ್ಲಿ ಹೇಳಿತು. ಆದರೂ ಆರೋಪದ ಕಳಂಕ ಹೋಗಲಿಲ್ಲ. ಪತ್ರಿಕೆ 2004ರಲ್ಲಿ ಕ್ಷಮೆ ಕೇಳಿತು, ಊರು ಒಪ್ಪಲಿಲ್ಲ. 2012ರ ಸೆಪ್ಟೆಂಬರ್ 12ರಂದು ಸ್ವತಂತ್ರ ಸಮಿತಿಯ ವರದಿ ಬಂದಾಗ 164 ಪೊಲೀಸ್ ಹೇಳಿಕೆಗಳನ್ನು ಗಣನೀಯವಾಗಿ ತಿದ್ದಲಾಗಿತ್ತೆಂದೂ, ಅವುಗಳಲ್ಲಿ 116ರಿಂದ ಪೊಲೀಸರ ವಿರುದ್ಧದ ಮಾತುಗಳನ್ನು ತೆಗೆದುಹಾಕಲಾಗಿತ್ತೆಂದೂ ಹೊರಬಿತ್ತು. ಪತ್ರಿಕೆ ಮರುದಿನ ಮುಖಪುಟದಲ್ಲಿ ಮತ್ತೆ ಕ್ಷಮೆ ಕೇಳಿತು, ಮೆಕೆಂಜಿಯೂ ಕೇಳಿದರು. 2016ರ ಏಪ್ರಿಲ್ 26ರಂದು ಹೊಸ ವಿಚಾರಣೆಯ ಜ್ಯೂರಿ, ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರು, ಅಭಿಮಾನಿಗಳ ನಡವಳಿಕೆ ಇದಕ್ಕೆ ಕಾರಣವಲ್ಲ ಎಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ 27 ವರ್ಷಗಳು ಕಳೆದಿದ್ದವು. ಆ ತೀರ್ಪನ್ನು ಕೇಳಬೇಕಾಗಿದ್ದ ಎಷ್ಟೋ ತಂದೆ ತಾಯಿಯರು ಬದುಕಿರಲಿಲ್ಲ.

ಇಷ್ಟು ತಿಳಿದ ಮೇಲೆ ಹಟವೆಂಬ ಮಾತನ್ನು ನಾನು ಬಳಸಲಾರೆ. ಈ ಬಹಿಷ್ಕಾರವನ್ನು ಯಾವ ಸರ್ಕಾರವೂ ಹೇರಲಿಲ್ಲ, ಯಾವ ನ್ಯಾಯಾಲಯವೂ ವಿಧಿಸಲಿಲ್ಲ. ದಿನಪತ್ರಿಕೆ ಕೊಳ್ಳುವ ಸಾಮಾನ್ಯ ಜನ ಕೈಯಲ್ಲಿದ್ದ ಚಿಲ್ಲರೆಯನ್ನು ಕೊಡದೆ ಉಳಿಸಿಕೊಂಡರು, ಅಷ್ಟೆ. ಊರಿನ ಇನ್ನೊಂದು ಕ್ಲಬ್ಬಾದ ಎವರ್ಟನ್‌ನ ಅಭಿಮಾನಿಗಳೂ ಮೊದಲಿನಿಂದಲೇ ಜೊತೆಗೆ ನಿಂತರು ಎಂಬುದು ನನ್ನ ಮನಸ್ಸನ್ನು ಬಹಳ ತಟ್ಟಿದ ಸಂಗತಿ. 2017ರ ಫೆಬ್ರುವರಿಯಲ್ಲಿ ಲಿವರ್‌ಪೂಲ್ ಕ್ಲಬ್ ಆ ಪತ್ರಿಕೆಯ ವರದಿಗಾರರಿಗೆ ತನ್ನ ಆವರಣದ ಬಾಗಿಲು ಮುಚ್ಚಿತು. ಏಪ್ರಿಲ್‌ನಲ್ಲಿ ಮೆಕೆಂಜಿ ಅದೇ ಪತ್ರಿಕೆಯ ತಮ್ಮ ಅಂಕಣದಲ್ಲಿ ಎವರ್ಟನ್ ಆಟಗಾರ ರಾಸ್ ಬಾರ್ಕ್ಲಿಯನ್ನು ಗೊರಿಲ್ಲಾಗೆ ಹೋಲಿಸಿ ಬರೆದಾಗ ಎವರ್ಟನ್ ಕೂಡ ಹಾಗೆಯೇ ಮಾಡಿತು. ಫ್ಲೋರಿಯನ್ ಫೂಸ್ ಮತ್ತು ಡೇನಿಯಲ್ ಬಿಶಾಫ್ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು ನಡೆಸಿದ ಅಧ್ಯಯನವಂತೂ, ಯುರೋಪಿನ ಒಕ್ಕೂಟವನ್ನು ವಿರೋಧಿಸುತ್ತಿದ್ದ ಈ ಪತ್ರಿಕೆಯ ಬಹಿಷ್ಕಾರದ ಫಲವಾಗಿ, ಲಿವರ್‌ಪೂಲ್ ಇರುವ ಮರ್ಸಿಸೈಡ್ ಪ್ರದೇಶದಲ್ಲಿ ಆ ಒಕ್ಕೂಟದ ವಿರುದ್ಧದ ಭಾವನೆ ತಗ್ಗಿತು ಎಂದು ತೋರಿಸಿದೆ. ಒಂದು ಪತ್ರಿಕೆಯನ್ನು ಓದದೆ ಬಿಟ್ಟದ್ದು ಆಟದಾಚೆಗೂ ಜನರ ಅಭಿಪ್ರಾಯವನ್ನು ಬದಲಿಸಿತು.

ನೆವಿಲ್ ನಮ್ಮವರನ್ನು ಹೊಗಳಲಿಲ್ಲ ಎಂಬ ಸಿಟ್ಟನ್ನೂ ಈ ಸಿಟ್ಟನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಅಲ್ಲಿ ನಮಗೆ ಹಿಡಿಸದಿರುವುದು ಒಬ್ಬರ ಅಭಿಪ್ರಾಯ. ಇಲ್ಲಿ ಆದದ್ದು ಸುಳ್ಳು ಸುದ್ದಿಯಿಂದ ಸತ್ತವರ ಮಾನಹರಣ.

ಪ್ರಶ್ನೆ: ‘ಹುಡುಗರನ್ನು ಕಟ್ಟಿಕೊಂಡು ಏನನ್ನೂ ಗೆಲ್ಲಲಾಗದು’ ಎಂದು ವಿಶ್ಲೇಷಕ ಅಲನ್ ಹ್ಯಾನ್ಸನ್ ಹೇಳಿ ಪೂರಾ ಸುಳ್ಳಾದರೂ ಬಿಬಿಸಿಯಲ್ಲಿ ಬಹಳ ವರ್ಷ ಮುಂದುವರಿದರು. ಇಂಥವರನ್ನು ಏಕೆ ತೆಗೆಯುವುದಿಲ್ಲ? — ಶಿವಮೊಗ್ಗ

ಉತ್ತರ: ಭವಿಷ್ಯ ತಪ್ಪಾದುದಕ್ಕೆ ಕೆಲಸ ಹೋಗಬೇಕಾದರೆ ಆ ಕುರ್ಚಿಯಲ್ಲಿ ಯಾರೂ ಉಳಿಯುವುದಿಲ್ಲ. 1995ರ ಆಗಸ್ಟ್ 19ರಂದು ಯುನೈಟೆಡ್ ತಂಡ ಆಸ್ಟನ್ ವಿಲ್ಲಾ ಎದುರು 3-1ರಿಂದ ಸೋತ ಸಂಜೆ ಅವರು ಆಡಿದ ಮಾತದು. ಆ ಬೇಸಿಗೆಯಲ್ಲಿ ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಆಂದ್ರೆ ಕಾಂಚೆಲ್‌ಸ್ಕಿಸ್ ಮೂವರೂ ಕ್ಲಬ್ ಬಿಟ್ಟಿದ್ದರು, ಎರಿಕ್ ಕಾಂಟೊನಾ ನಿಷೇಧದಲ್ಲಿದ್ದರು. ಹೊಸ ಆಟಗಾರರನ್ನು ಕೊಳ್ಳಬೇಕೆಂಬ ಸಲಹೆ ಅಂದಿಗೆ ಅಸಂಬದ್ಧವಾಗಿರಲಿಲ್ಲ. ಅವರು ಹುಡುಗರೆಂದ ಬೆಕಂ, ಸ್ಕೋಲ್ಸ್, ಬಟ್ ಮತ್ತು ನೆವಿಲ್ ಸಹೋದರರು ಆ ಋತುವಿನಲ್ಲಿ ಲೀಗನ್ನೂ ಎಫ್‌ಎ ಕಪ್ಪನ್ನೂ ಗೆದ್ದದ್ದು ಅವರ ಹೆಚ್ಚುಗಾರಿಕೆ. ವಿಶ್ಲೇಷಕರಿಂದ ನಾವು ಕೇಳಬೇಕಾದದ್ದು ಕಾರಣವನ್ನು. ಕಾರಣ ಕೊಡದೆ ತೀರ್ಪು ಕೊಡುವವರ ಮೇಲೆ ನನಗೂ ಸಿಟ್ಟಿದೆ.

ಪ್ರಶ್ನೆ: ತಪ್ಪು ಮಾತಾಡಿದ ವಿಶ್ಲೇಷಕರಿಗೆ ಸಾಮಾಜಿಕ ಜಾಲತಾಣದಲ್ಲಿ ಅಭಿಮಾನಿಗಳು ಖಾರವಾಗಿ ಉತ್ತರಿಸುವುದರಲ್ಲಿ ತಪ್ಪೇನಿದೆ? ಅವರು ಲಕ್ಷಾಂತರ ಜನರ ಮುಂದೆ ಮಾತಾಡುತ್ತಾರೆ, ನಮಗಿರುವುದು ಇದೊಂದೇ ವೇದಿಕೆ. — ಬೆಳಗಾವಿ

ಉತ್ತರ: ಖಾರವಾಗಿ ಉತ್ತರಿಸುವುದರಲ್ಲಿ ತಪ್ಪಿಲ್ಲ. ಗುಂಪುಗೂಡಿ ಒಬ್ಬರ ಮೇಲೆ ಬೀಳುವುದರಲ್ಲಿ ಇದೆ. 2020ರ ಡಿಸೆಂಬರ್ 29ರಂದು ಲೀಡ್ಸ್ ಯುನೈಟೆಡ್ ತಂಡ ವೆಸ್ಟ್ ಬ್ರಾಮ್ ಎದುರು 5-0ಯಿಂದ ಗೆದ್ದಿತು. ಇಂಗ್ಲೆಂಡ್ ಪರ 144 ಪಂದ್ಯಗಳನ್ನಾಡಿದ್ದ ಕ್ಯಾರೆನ್ ಕಾರ್ನಿ ಆ ದಿನದ ವಿಶ್ಲೇಷಕಿ. ಕೋವಿಡ್‌ನಿಂದ ಆಟ ನಿಂತದ್ದು ಲೀಡ್ಸ್ ಆಟಗಾರರಿಗೆ ವಿಶ್ರಾಂತಿ ಕೊಟ್ಟಿತು, ಅವರು ಮೇಲಿನ ದರ್ಜೆಗೆ ಏರಲು ಅದೂ ಒಂದು ಕಾರಣ ಎಂದು ಅವರು ಹೇಳಿದರು. ಲೀಡ್ಸ್ ಅಭಿಮಾನಿಗಳ ಬಳಿ ಇದಕ್ಕೆ ಗಟ್ಟಿಯಾದ ಉತ್ತರವಿತ್ತು: ತಂಡ ಎರಡನೆಯ ದರ್ಜೆಯ ಲೀಗನ್ನು ಹತ್ತು ಅಂಕಗಳ ಅಂತರದಿಂದ ಗೆದ್ದಿತ್ತು. ಕಾರ್ನಿ ಅವರ ಬಳಿಯೂ ಒಂದು ಕಾರಣವಿತ್ತು: ಅದರ ಹಿಂದಿನ ಋತುವಿನ ಕೊನೆಯಲ್ಲಿ ಕೋಚ್ ಮಾರ್ಸೆಲೊ ಬಿಯೆಲ್ಸಾ ಅವರ ಇದೇ ತಂಡ ಬಸವಳಿದಂತೆ ಜಾರಿ, ಪ್ಲೇ ಆಫ್‌ನಲ್ಲಿ ಸೋತಿತ್ತು. ಒಳ್ಳೆಯ ಚರ್ಚೆಯಾಗಬಹುದಾಗಿದ್ದ ವಿಷಯ. ಆದರೆ ಕ್ಲಬ್ಬಿನ ಅಧಿಕೃತ ಟ್ವಿಟರ್ ಖಾತೆಯೇ ಅವರ ತುಣುಕನ್ನು ಹಾಕಿ ಅಣಕಿಸಿತು. ಹಿಂದೆಯೇ ಹರಿದುಬಂದ ನಿಂದನೆಯಲ್ಲಿ ಬಹುಪಾಲು ಅವರು ಹೆಣ್ಣೆಂಬುದರ ಮೇಲಿತ್ತು. ಕೆಲವೇ ದಿನಗಳಲ್ಲಿ ಕಾರ್ನಿ ತಮ್ಮ ಖಾತೆಯನ್ನೇ ಅಳಿಸಿದರು. ಲೀಡ್ಸ್ ಕ್ಲಬ್ ಮಾಡಿದ್ದು ತೀರಾ ಅನ್ಯಾಯವೆಂದು ನಾನು ಭಾವಿಸುತ್ತೇನೆ, ಏಕೆಂದರೆ ಲಕ್ಷಾಂತರ ಜನ ಹಿಂಬಾಲಿಸುವ ಖಾತೆಗೆ ತನ್ನ ಒಂದು ಸಾಲಿನಿಂದ ಏನಾಗುತ್ತದೆ ಎಂಬುದು ಗೊತ್ತಿರಲೇಬೇಕು. ನಿಮ್ಮ ವೇದಿಕೆ ಚಿಕ್ಕದೆಂದು ನೀವು ಬರೆದಿದ್ದೀರಿ. ನಿಮ್ಮೊಬ್ಬರದು ಚಿಕ್ಕದು ನಿಜ. ಸಾವಿರಾರು ಜನ ಒಂದೇ ಹೊತ್ತಿಗೆ ಒಬ್ಬರ ಹೆಸರು ಹಿಡಿದು ಬರೆದಾಗ ಅದು ಚಿಕ್ಕದಾಗಿ ಉಳಿಯುವುದಿಲ್ಲ.

ಪ್ರಶ್ನೆ: ಅಭಿಮಾನಿಗಳೂ ವಿಶ್ಲೇಷಕರೂ ಒಂದೇ ಕಡೆ ನಿಂತದ್ದು ಎಂದಾದರೂ ಇದೆಯೆ? — ಹಾಸನ

ಉತ್ತರ: ಇದೆ. 2021ರ ಏಪ್ರಿಲ್ 18, ಭಾನುವಾರ, ಯುರೋಪಿನ 12 ದೊಡ್ಡ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಕಟ್ಟುವುದಾಗಿ ಪ್ರಕಟಿಸಿದವು. ಅವುಗಳಲ್ಲಿ ಆರು ಇಂಗ್ಲೆಂಡಿನವು, ಲಿವರ್‌ಪೂಲ್ ಮತ್ತು ಯುನೈಟೆಡ್ ಎರಡೂ ಸೇರಿ. ಅಂದು ನೆವಿಲ್ ಸ್ಕೈ ವಾಹಿನಿಯಲ್ಲಿ ತಮ್ಮ ಕ್ಲಬ್ಬೆಂದು ನೋಡದೆ ಯುನೈಟೆಡ್ ಮಾಲೀಕರನ್ನು ತರಾಟೆಗೆ ತೆಗೆದುಕೊಂಡರು. ಹದಿನೈದು ವರ್ಷಗಳಿಂದ ಅವರನ್ನು ದ್ವೇಷಿಸುತ್ತಿದ್ದ ಲಿವರ್‌ಪೂಲ್ ಅಭಿಮಾನಿಗಳೂ ಆ ಮಾತನ್ನು ಹಂಚಿಕೊಂಡರು. ಲಿವರ್‌ಪೂಲ್ ಕ್ರೀಡಾಂಗಣವಾದ ಆನ್‌ಫೀಲ್ಡ್‌ನ ಕಾಪ್ ಭಾಗದಲ್ಲಿ ಬಾವುಟ ಕಟ್ಟುವ ಅಭಿಮಾನಿ ಸಂಘ ತನ್ನ ಬಾವುಟಗಳನ್ನು ಇಳಿಸುವುದಾಗಿ ಹೇಳಿತು. ಮರುದಿನ ಲೀಡ್ಸ್ ಎದುರಿನ ಪಂದ್ಯ ಮುಗಿದ ಕೂಡಲೆ ಲಿವರ್‌ಪೂಲ್ ಆಟಗಾರ ಜೇಮ್ಸ್ ಮಿಲ್ನರ್ ಕ್ಯಾಮೆರಾ ಮುಂದೆ ನಿಂತು, ಈ ಯೋಜನೆ ತನಗೆ ಇಷ್ಟವಿಲ್ಲ, ಇದು ನಡೆಯದಿರಲಿ ಎಂದರು. 20ರ ರಾತ್ರಿಯೊಳಗೆ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು; ಲಿವರ್‌ಪೂಲ್ ಮಾಲೀಕ ಜಾನ್ ಹೆನ್ರಿ ವಿಡಿಯೊದಲ್ಲಿ ಅಭಿಮಾನಿಗಳ ಕ್ಷಮೆ ಕೇಳಿದರು. ಪ್ರೀಮಿಯರ್ ಲೀಗ್ ಪ್ರಸಾರಕ್ಕೆ ಅಪಾರ ಹಣ ಕೊಟ್ಟಿದ್ದ ವಾಹಿನಿಗೂ ಇದರಲ್ಲಿ ಹಿತಾಸಕ್ತಿಯಿತ್ತು ಎಂಬುದನ್ನು ಮರೆಯಬೇಕಾಗಿಲ್ಲ. ಆದರೆ ನೆವಿಲ್ ಸಿಟ್ಟು ನಟನೆಯಲ್ಲವೆಂದು ನಾನು ನಂಬುತ್ತೇನೆ.

ಪ್ರಶ್ನೆ: ನಾವು ಕಂಠೀರವದ ವೆಸ್ಟ್ ಬ್ಲಾಕಿನಲ್ಲಿ ನಿಂತು ಬೆಂಗಳೂರು ಎಫ್‌ಸಿಗಾಗಿ ಕೂಗುವವರು. 2023ರಲ್ಲಿ ಕೇರಳ ಬ್ಲಾಸ್ಟರ್ಸ್ ಎದುರು ಸುನಿಲ್ ಛೆಟ್ರಿ ಹೊಡೆದ ಗೋಲನ್ನು ಮೋಸವೆಂಬಂತೆ ಮಾತಾಡಿದ್ದನ್ನು ಇಂದಿಗೂ ಮರೆಯಲಾಗಿಲ್ಲ. ಇತ್ತ ಕನ್ನಡ ಪತ್ರಿಕೆಗಳಲ್ಲಿ ನಮ್ಮ ತಂಡಕ್ಕೆ ಜಾಗವೇ ಇಲ್ಲ. ನಾವು ಏನು ಮಾಡಬೇಕು? — ಬೆಂಗಳೂರು

ಉತ್ತರ: ಮೊದಲು ಗೋಲಿನ ಮಾತು. ಮಾರ್ಚ್ 3ರ ಆ ಪ್ಲೇ ಆಫ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಬ್ಲಾಸ್ಟರ್ಸ್ ಆಟಗಾರರು ಚೆಂಡಿಗೆ ಅಡ್ಡವಾಗಿ ಸಾಲುನಿಂತು ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಛೆಟ್ರಿ ಫ್ರೀ ಕಿಕ್ ಹೊಡೆದರು, ರೆಫ್ರಿ ಗೋಲು ಕೊಟ್ಟರು, ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದರು. ರೆಫ್ರಿ ಶಿಳ್ಳೆಗಾಗಿ ಕಾಯುವಂತೆ ಸೂಚಿಸಿರದಿದ್ದರೆ ಫ್ರೀ ಕಿಕ್ ಅನ್ನು ತಕ್ಷಣ ಹೊಡೆಯಲು ನಿಯಮದಲ್ಲಿ ಅವಕಾಶವಿದೆ; ತಮಗೆ ಶಿಳ್ಳೆಯೂ ಗೋಡೆಯೂ ಬೇಡವೆಂದು ರೆಫ್ರಿಗೆ ಮೊದಲೇ ಹೇಳಿದ್ದಾಗಿ ಛೆಟ್ರಿ ತಿಳಿಸಿದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿ, ಕೋಚ್‌ಗೆ 10 ಪಂದ್ಯಗಳ ನಿಷೇಧ ವಿಧಿಸಿತು. ಆದ್ದರಿಂದ ಮೋಸ ಎಂದವರಿಗೆ ನೀವು ನಿಯಮವನ್ನು ಮುಂದಿಟ್ಟು ಉತ್ತರ ಕೊಡಬಹುದು. ಆದರೆ ‘ಎದುರಾಳಿ ಸಿದ್ಧರಾಗುವವರೆಗೆ ಕಾಯಬೇಕಿತ್ತು’ ಎಂದು ಒಬ್ಬ ವಿಶ್ಲೇಷಕರು ಹೇಳಿದರೆ ಅದು ಅವರ ಅಭಿಪ್ರಾಯ. ಅವರನ್ನು ಕೇರಳದ ಪರ ಎಂದು ಕರೆಯಬೇಕಾಗಿಲ್ಲ. ಬ್ಲಾಸ್ಟರ್ಸ್ ಅಭಿಮಾನಿ ಬಳಗವಾದ ಮಂಜಪ್ಪಡದ ಗೆಳೆಯರನ್ನು ಕೇಳಿನೋಡಿ, ಮಾಧ್ಯಮವೆಲ್ಲ ಛೆಟ್ರಿಯ ಪರ ಎಂದೇ ಅವರು ಹೇಳಿಯಾರು.

ಎರಡನೆಯ ದೂರು ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆಸ್ಟಿನ್ ಟೌನ್, ಗೌತಮಪುರ, ಹಲಸೂರಿನ ಗಲ್ಲಿಗಳು ಎಷ್ಟೊಂದು ಆಟಗಾರರನ್ನು ಕೊಟ್ಟಿವೆ. ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ, 2013-14ರಲ್ಲಿ, ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ಬಾಯಿತು. ಇಷ್ಟೆಲ್ಲ ಇದ್ದೂ ನಮ್ಮ ಕ್ರೀಡಾ ಪುಟದಲ್ಲಿ ಪಂದ್ಯದ ಮರುದಿನ ಸಿಗುವುದು ಹೆಚ್ಚಾಗಿ ಅಂಕಿಯಷ್ಟನ್ನೇ ಕೊಡುವ ಚಿಕ್ಕ ಸುದ್ದಿ. ಆಟದ ಒಳಹೊರಗನ್ನು ಕನ್ನಡದಲ್ಲಿ ಬಿಡಿಸಿ ಬರೆಯುವವರು ಬೆಳೆಯದಿದ್ದರೆ, ಜಗಳವಾಡಲಿಕ್ಕಾದರೂ ನಮಗೊಬ್ಬ ವಿಶ್ಲೇಷಕ ಸಿಗುವುದಿಲ್ಲ.

2018ರ ಜೂನ್‌ನಲ್ಲಿ ಮುಂಬೈಯಲ್ಲಿ ಭಾರತ ಮತ್ತು ಚೈನೀಸ್ ತೈಪೆ ಪಂದ್ಯಕ್ಕೆ ಬಂದವರು 2,569 ಮಂದಿ. ಮರುದಿನ ಛೆಟ್ರಿ ವಿಡಿಯೊದಲ್ಲಿ, ನಮ್ಮನ್ನು ಬೈಯಿರಿ, ಟೀಕಿಸಿ, ಆದರೆ ಕ್ರೀಡಾಂಗಣಕ್ಕೆ ಬನ್ನಿ ಎಂದು ಕೈಮುಗಿದು ಕೇಳಿದರು. ಜೂನ್ 4ರಂದು ಕೀನ್ಯಾ ಎದುರಿನ ಅವರ ನೂರನೆಯ ಪಂದ್ಯಕ್ಕೆ ಕ್ರೀಡಾಂಗಣ ತುಂಬಿತು. ನೀವು ಬೈಗುಳಕ್ಕೆ ಹಾಕುವ ಶ್ರಮದಲ್ಲಿ ಅರ್ಧವನ್ನು ಬರವಣಿಗೆಗೆ ಹಾಕಿ. ವೆಸ್ಟ್ ಬ್ಲಾಕಿನಲ್ಲಿ ಆಟವನ್ನು ಚೆನ್ನಾಗಿ ಓದಬಲ್ಲವರು ಇದ್ದೇ ಇರುತ್ತಾರೆ. ಒಂದು ಪಂದ್ಯದ ವಿಶ್ಲೇಷಣೆಯನ್ನು ಕನ್ನಡದಲ್ಲಿ ಬರೆದು ಸಂಪಾದಕರಿಗೆ ಕಳಿಸಲಿ, ಬರದಿದ್ದರೆ ಮತ್ತೆ ಕಳಿಸಲಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯುವ ಸೂಪರ್ ಡಿವಿಷನ್ ಪಂದ್ಯಗಳ ಬಗ್ಗೆಯೂ ಬರೆಯಲಿ, ಏಕೆಂದರೆ ಅಲ್ಲಿನ ಹುಡುಗರ ಬಗ್ಗೆ ತಪ್ಪು ಬರೆಯುವವರೂ ಇಂದು ಕಡಿಮೆ. ಈ ಅಂಕಣದ ವಿಳಾಸಕ್ಕೆ ಬಂದ ಒಳ್ಳೆಯ ಬರಹವನ್ನು ಕ್ರೀಡಾ ವಿಭಾಗಕ್ಕೆ ನಾನೇ ತಲುಪಿಸುತ್ತೇನೆ.